ದೋಷ ಕಂಡುಬಂದಿಲ್ಲ

ಅತ್ತೆಗೆ ದಿನದಲ್ಲಿ ತನ್ನದು ಅಂತ ಇದ್ದದ್ದು ಇಪ್ಪತ್ತೆರಡು ನಿಮಿಷ. ಬೆಳಿಗ್ಗೆ ಐದೂವರೆಗೆ ಎದ್ದರೆ ಹಾಲು ಕಾಯಿಸುವುದು, ತಿಂಡಿ, ಮೂರು ಜನರ ಡಬ್ಬಿ, ಪಾತ್ರೆ, ಬಟ್ಟೆ, ನೆಲ. ಎರಡು ಗಂಟೆಗೆ ಕೈ ಒರೆಸಿಕೊಂಡು ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಳೆಂದರೆ ಧಾರಾವಾಹಿಯ ಒಂದು ಕಂತು. ಅದು ಮುಗಿದ ಮೇಲೆ ಮತ್ತೆ ಒಲೆ; ಮೂರಕ್ಕೆ ಮೊಮ್ಮಗಳು ಶಾಲೆಯಿಂದ ಹಸಿದುಕೊಂಡು ಬರುತ್ತಾಳೆ.

ಈ ಇಪ್ಪತ್ತೆರಡು ನಿಮಿಷಕ್ಕೇ ಕುತ್ತು ಬಂತು.

"ನಿಮ್ಮ ಪೆಟ್ಟಿಗೆ ಎಳೆ ತಪ್ಪಿಸ್ತಿದೆ ಕಣೇ," ಎಂದಳು ಅತ್ತೆ. ಸೊಸೆ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

"ಏನು ತಪ್ಪಿಸ್ತಿದೆ?"

"ಎಳೆ. ಅವಳು ಬಾಗಿಲು ತೆಗೀತಾಳೆ, ಕೈ ಇನ್ನೂ ಚಿಲಕದ ಮೇಲಿದೆ. ನೋಡಿದ್ರೆ ಒಳಗೆ ಮಂಚದ ಮೇಲೆ ಕೂತು ಅಳ್ತಿದಾಳೆ. ನಡುವಿನದು ಎಲ್ಲಿ ಹೋಯ್ತು?"

'ನಿಮ್ಮ ಪೆಟ್ಟಿಗೆ' ಅಂದದ್ದರಲ್ಲಿ ಒಂದು ಮುಳ್ಳಿತ್ತು. ಟಿವಿಯ ಕೆಳಗೆ ಕೂತಿದ್ದ, ಸಾಬೂನಿನ ಡಬ್ಬಿಯಷ್ಟು ದೊಡ್ಡ ಆ ಕಪ್ಪು ಪೆಟ್ಟಿಗೆಯನ್ನು ಮಾರುವ ಕಂಪನಿಯ ಸಹಾಯವಾಣಿಯಲ್ಲೇ ಸೊಸೆಗೆ ಕೆಲಸ. ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಚಿತ್ರ ನಿಂತಿತು ಅನ್ನುವವರಿಗೆ, ಚಕ್ರ ಸುತ್ತುತ್ತಲೇ ಇದೆ ಅನ್ನುವವರಿಗೆ, ಮಾತು ಮುಂದೆ ತುಟಿ ಹಿಂದೆ ಅನ್ನುವವರಿಗೆ, ಎಲ್ಲರಿಗೂ ಒಂದೇ ದನಿಯಲ್ಲಿ ದಾರಿ ಹೇಳಬೇಕು. ನೌಕರರ ಮನೆಗೆ ಒಂದು ಪೆಟ್ಟಿಗೆ ಪುಕ್ಕಟೆ.

"ಪ್ಲಗ್ ಕಿತ್ತು, ಮೂವತ್ತು ಎಣಿಸಿ, ಮತ್ತೆ ಹಾಕಿ ಅತ್ತೆ," ಎಂದಳು ಸೊಸೆ. ಆ ದಿನ ಅದನ್ನು ಅವಳು ಐವತ್ತನೆಯ ಸಲ ಹೇಳುತ್ತಿದ್ದಳು.

"ಹಾಕಿದೆ. ನೂರು ಎಣಿಸಿ ಹಾಕಿದೆ."

"ಹಾಗಾದ್ರೆ ನಾಳೆ ನೋಡೋಣ ಬಿಡಿ."

"ಊರವರ ಪೆಟ್ಟಿಗೆಗೆಲ್ಲ ಇವತ್ತು, ಮನೇದಕ್ಕೆ ನಾಳೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಲ್ಲ," ಎಂದು ಅತ್ತೆ ಒಳಗೆ ಹೋದಳು.

ಅತ್ತೆಯ ಕಣ್ಣನ್ನು ಆ ಬೀದಿಯಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಅವಳ ಕೆಲಸ ಒಂದೇ: ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಬಟ್ಟೆ ಓಡುತ್ತದೆ, ನಿಮಿಷಕ್ಕೆ ಹದಿನೆಂಟು ಗಜ, ಎಲ್ಲಿ ಎಳೆ ತಪ್ಪಿದೆಯೋ ಅಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟಬೇಕು. ಅವಳು ದಾರ ಕಟ್ಟಿದ ಕಡೆ ತಪ್ಪಿಲ್ಲ ಎಂದು ವಾದಿಸಿದ ನೇಕಾರರು ಕೊನೆಗೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರಂತೆ. ಮಿಲ್ಲು ಮುಚ್ಚಿ ಆರು ವರ್ಷವಾಗಿತ್ತು. ಈಗಲೂ ಕೆಳಮನೆಯ ದರ್ಜಿ ದುಬಾರಿ ಬಟ್ಟೆ ಕೊಳ್ಳುವ ಮೊದಲು ಅವಳ ಮುಂದೆ ಹಾಸುತ್ತಿದ್ದ.

ಹಾಗಾಗಿ ಮೊದಲ ವಾರ ಎಲ್ಲರೂ ಅವಳ ಮಾತನ್ನು ನಂಬಿದರು. ಮಗ, ಲಿಫ್ಟ್ ಮೆಕ್ಯಾನಿಕ್, ಒಂದು ಭಾನುವಾರ ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು ಗೋಡೆಯ ಮೇಲೆ ಏರಿಸಿದ.

"ಬೀರು ಕಬ್ಬಿಣದ್ದು. ಅಲೆ ದಾಟಬೇಕಲ್ಲ," ಎಂದ.

ಸೋಮವಾರ ಅತ್ತೆ ಹೇಳಿದಳು: "ಇವತ್ತೂ ತಪ್ತು."

ಎರಡನೆಯ ವಾರ ಸೊಸೆ ಪೆಟ್ಟಿಗೆಯೊಳಗಿನ ಹಳೆಯ ಫೈಲುಗಳ ಕಸ ಅಳಿಸಿದಳು, ಚಿತ್ರದ ಸ್ಪಷ್ಟತೆ ಒಂದು ಮೆಟ್ಟಿಲು ಇಳಿಸಿದಳು. ಮಗ ಕೆಲಸದ ಜಾಗದಿಂದ ಉಳಿದ ಒಳ್ಳೆಯ ಕೇಬಲು ತಂದು ರೌಟರಿನಿಂದ ಪೆಟ್ಟಿಗೆಗೆ ನೇರ ಎಳೆದ. ಬಾಗಿಲ ಚೌಕಟ್ಟಿನ ಮೇಲೆ ಮೊಳೆ ಹೊಡೆದು ಕೇಬಲು ಕೂರಿಸುವಾಗ ಸುಣ್ಣ ಉದುರಿ ಆಲೂಗಡ್ಡೆಯ ಪಾತ್ರೆಗೆ ಬಿತ್ತು. ಅದರ ಮೇಲೊಂದು ಜಗಳವಾಯಿತು.

"ಲಿಫ್ಟಿನ ಕೇಬಲ್ಲಮ್ಮ ಇದು. ಹನ್ನೆರಡು ಮಹಡಿ ಹತ್ತಿ ಇಳಿದ್ರೂ ಜಗ್ಗಲ್ಲ. ಇನ್ನು ನಿನ್ನ ಧಾರಾವಾಹಿ ಜಗ್ಗುತ್ತಾ?"

ಮಂಗಳವಾರ ಅತ್ತೆ ಹೇಳಿದಳು: "ಎರಡು ಸಲ ತಪ್ತು."

ಸೊಸೆ ಆಗ ತನ್ನ ಕೆಲಸದ ರೀತಿಯಲ್ಲೇ ಹೊರಟಳು. ಫ್ರಿಜ್ಜಿನ ಪಕ್ಕದ ಮೊಳೆಗೆ ಒಂದು ನೋಟುಬುಕ್ಕು ತೂಗುಹಾಕಿ, ದಾರದಲ್ಲಿ ಪೆನ್ನು ಕಟ್ಟಿದಳು.

"ಹಾರಿದಾಗಲೆಲ್ಲ ಗಡಿಯಾರ ನೋಡಿ ಬರೀರಿ ಅತ್ತೆ. ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು. ವಾರಕ್ಕೊಮ್ಮೆ ನಾನು ಆಫೀಸಿನಲ್ಲಿ ಈ ಪೆಟ್ಟಿಗೆಯ ಲಾಗ್ ತೆಗೆದು ಹೊಂದಿಸಿ ನೋಡ್ತೀನಿ."

"ಲಾಗ್ ಅಂದ್ರೆ?"

"ಪೆಟ್ಟಿಗೆ ತಾನೇ ಬರ್ಕೊಳ್ಳೋ ದಿನಚರಿ. ಯಾವಾಗ ಓಡಿತು, ಯಾವಾಗ ನಿಂತಿತು, ಎಲ್ಲ ಇರುತ್ತೆ."

"ಒಳ್ಳೇದಾಯ್ತು. ಅದೂ ಬರೀಲಿ, ನಾನೂ ಬರೀತೀನಿ."

ಅತ್ತೆ ಸೆಕೆಂಡು ಬರೆಯಲಿಲ್ಲ. ಕೈಗೆ ಬಂದದ್ದು ಹಳೆಯ ಲೆಕ್ಕ. 'ಬುಧವಾರ, 2.09, ಎಳೆ ತಪ್ಪು, ಮೂರು ಗಜ.' 'ಶುಕ್ರವಾರ, 2.17, ಎಳೆ ತಪ್ಪು, ನಾಲ್ಕೂವರೆ ಗಜ.' ಗಡಿಯಾರದ ಸೆಕೆಂಡಿನ ಮುಳ್ಳು ಮೂರರಲ್ಲಿತ್ತು, ನೋಡಿದರೆ ಆರರಲ್ಲಿದೆ. ಅಷ್ಟರಲ್ಲಿ ಮಿಲ್ಲಿನ ಮೇಜಿನ ಮೇಲೆ ನಾಲ್ಕೂವರೆ ಗಜ ಬಟ್ಟೆ ಓಡಿರುತ್ತಿತ್ತು.

"ಇದೇನಮ್ಮ, ಚಿತ್ರಾನ ಗಜದಲ್ಲಿ ಅಳೀತಿದೀಯ? ಅಂಗಿ ಹೊಲಿಸ್ತೀಯಾ?" ಎಂದು ಮಗ ನಕ್ಕ.

"ಹೊಲಿಸ್ತೀನಿ, ನಿನ್ನ ಬಾಯಿಗೆ," ಎಂದಳು ಅತ್ತೆ.

ಸಹಾಯವಾಣಿಯ ತಂಡದ ಮುಖ್ಯಸ್ಥನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನು ಪಾಠ ಹೇಳುತ್ತಿದ್ದ: "ಗ್ರಾಹಕರ ಬಾಯಿ ನಂಬಬೇಡಿ, ಲಾಗ್ ನಂಬಿ. ಹತ್ತರಲ್ಲಿ ನಾಲ್ಕು ಜನ ಹೊಸ ಪೆಟ್ಟಿಗೆ ಬೇಕು ಅಂತ ಕಥೆ ಕಟ್ತಾರೆ." ದೂರನ್ನು ಮುಗಿಸಲು ಅಲ್ಲಿ ನಾಲ್ಕೇ ಷರಾ: ಪೆಟ್ಟಿಗೆಯ ದೋಷ, ಲೈನಿನ ದೋಷ, ಬಳಕೆಯ ದೋಷ, ದೋಷ ಕಂಡುಬಂದಿಲ್ಲ.

ಸೊಸೆ ಊಟದ ಬಿಡುವಿನಲ್ಲಿ ತನ್ನ ಮನೆಯ ಪೆಟ್ಟಿಗೆಯ ಲಾಗ್ ತೆಗೆದಳು. ಬುಧವಾರ ಎರಡು ಗಂಟೆಗೆ ಕಂತು ಶುರುವಾಗಿದೆ, ಎರಡು ಇಪ್ಪತ್ತೆರಡಕ್ಕೆ ಮುಗಿದಿದೆ. ಚಿತ್ರ ನಿಂತಿದ್ದರೆ ತಡವಾಗಿ ಮುಗಿಯಬೇಕಿತ್ತು. ಮುಂದಕ್ಕೆ ಹಾರಿದ್ದರೆ ಬೇಗ ಮುಗಿಯಬೇಕಿತ್ತು. ಶುಕ್ರವಾರವೂ ಕರಾರುವಾಕ್ಕು. ಒಂದು ನಿಲುಗಡೆ ಇಲ್ಲ, ಒಂದು ಹಾರಿಕೆ ಇಲ್ಲ.

ಮನೆಗೆ ಬಂದು ಆ ವಾರದ ಹಾಳೆಯ ಕೆಳಗೆ ಅಭ್ಯಾಸಬಲದಿಂದ ಬರೆದಳು: 'ದೋಷ ಕಂಡುಬಂದಿಲ್ಲ.' ಕೆಳಗೆ ಸಹಿ, ತಾರೀಕು.

ಅತ್ತೆ ಅದನ್ನು ಓದಿದಳು. ಮರುದಿನದ ಹಾಳೆಯಲ್ಲಿ ಇನ್ನೂ ಸ್ಪಷ್ಟವಾಗಿ, ಅಕ್ಷರ ಒತ್ತಿ ಬರೆದಳು: '2.11, ಎಳೆ ತಪ್ಪು, ಆರು ಗಜ.'

ಆರನೆಯ ವಾರ ಸೊಸೆ ಹೊಸ ಪೆಟ್ಟಿಗೆ ತಂದಳು. ನೌಕರರಿಗೆ ಅರ್ಧ ಬೆಲೆ, ಆದರೂ ಸಂಬಳದಲ್ಲಿ ಹಿಡಿದರು. ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಜನವೂ ಟಿವಿಯ ಮುಂದೆ ಕೂತು ಹೊಸ ಪೆಟ್ಟಿಗೆಯ ಪರೀಕ್ಷೆ ಮಾಡಿದರು. ಮೊಮ್ಮಗಳಿಗೆ ಒಂಬತ್ತು ವರ್ಷ. ಹುಟ್ಟಿದಾಗ ಒಂದೇ ಸಮನೆ ಅಳುತ್ತ ಕೊಯ್ಯುತ್ತಿದ್ದಳೆಂದು ಅವಳಿಗೆ ಪಿಟೀಲು ಎಂದೇ ಹೆಸರು. ಅವಳಿಗೆ ಧಾರಾವಾಹಿ ಬೇಡ. ಟಿವಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಭೂಪಟಕ್ಕೆ ಬಣ್ಣ ತುಂಬುತ್ತಿದ್ದಳು.

ಒಂಬತ್ತನೆಯ ನಿಮಿಷಕ್ಕೆ ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಈಗ! ಈಗ ಹಾರ್ತು. ನೋಡಿದ್ರಾ?"

"ಏನೂ ಹಾರ್ಲಿಲ್ಲವಲ್ಲಮ್ಮ," ಎಂದ ಮಗ.

"ಅವನು ಪತ್ರ ಬಿಚ್ತಿದ್ದ. ಈಗ ನೋಡಿದ್ರೆ ಪತ್ರಾನೇ ಇಲ್ಲ."

"ಬಿಚ್ಚಿದ, ಓದಿದ, ಹರಿದ, ಎಸೆದ. ಎಲ್ಲ ತೋರಿಸಿದ್ರು ಅತ್ತೆ," ಎಂದಳು ಸೊಸೆ.

ಅತ್ತೆ ಗೋಡೆಯ ಕಡೆ ಕೈ ತೋರಿಸಿದಳು. "ಆ ಗಡಿಯಾರಾನೂ ಹಾರ್ತು."

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಗಡಿಯಾರಕ್ಕೂ ವೈಫೈ ಹಾಕ್ಸಿದೀವಾ ಅಮ್ಮಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

"ಅಜ್ಜಿ ಸ್ಟಕ್ ಆಗಿದ್ಲು," ಎಂದಳು ಪಿಟೀಲು, ಬಣ್ಣದ ಪೆನ್ಸಿಲು ಎತ್ತಿ. "ಕಣ್ಣು ಹೀಗೆ. ಬಾಯಿ ಮಾತ್ರ ಹೀಗೆ ಹೀಗೆ ಮಾಡ್ತಿತ್ತು." ಏನನ್ನೋ ಚಪ್ಪರಿಸುವ ಹಾಗೆ ತುಟಿ ಆಡಿಸಿ ತೋರಿಸಿದಳು.

ಅಪ್ಪ ಅವಳ ತಲೆಗೆ ಮೊಟಕಿದ. "ಅಜ್ಜೀನ ಅಣಕಿಸ್ತೀಯಾ? ಎದ್ದು ಓದ್ಕೋ ಹೋಗು."

ಪಿಟೀಲು ಭೂಪಟ ಎತ್ತಿಕೊಂಡು ಎದ್ದು ಹೋದಳು. ಆ ಕೋಣೆಯಲ್ಲಿ ಪರದೆಯನ್ನು ಬಿಟ್ಟು ಅಜ್ಜಿಯ ಮುಖದ ಕಡೆ ತಿರುಗಿ ಕೂತಿದ್ದವಳು ಅವಳೊಬ್ಬಳೇ. ಅವಳನ್ನೇ ಎಬ್ಬಿಸಿ ಕಳಿಸಿದರು. ಮಗ ಸ್ಟೂಲು ಹತ್ತಿ ಗಡಿಯಾರದ ಸೆಲ್ಲು ಬದಲಾಯಿಸಿದ.

ಇದಾದ ಮೇಲೆ ಅಡುಗೆಮನೆಯಲ್ಲಿ ಸಣ್ಣಪುಟ್ಟ ಅನಾಹುತ ಶುರುವಾಯಿತು. ವಾರದಲ್ಲಿ ಮೂರು ದಿನ ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟು ಹಿಡಿದಿರುತ್ತಿತ್ತು. ಸೊಸೆ ಸಂಜೆ ಬಂದು ಚಾಕುವಿನಲ್ಲಿ ಕೆರೆದು ತೆಗೆಯಬೇಕು. ಒಂದು ದಿನ ಮಗನ ಡಬ್ಬಿಯಲ್ಲಿ ಅನ್ನ ಮಾತ್ರ ಇತ್ತು, ಇನ್ನೊಂದು ದಿನ ಎರಡು ಡಬ್ಬಿಯಲ್ಲೂ ಬೇಳೆ ಮಾತ್ರ. ರಾತ್ರಿ ಊಟಕ್ಕೆ ಕೂತಾಗ ಮಗ ಮೊದಲ ತುತ್ತನ್ನೇ ತಟ್ಟೆಗೆ ಉಗಿದ.

"ಉಪ್ಪಿನ ಗಣಿ ಕೊಂಡ್ಕೊಂಡ್ಯಾ ಅಮ್ಮ?"

"ಒಂದೇ ಸಲ ಹಾಕಿದ್ದು."

"ಎರಡು ಸಲ ಹಾಕಿದೀರಿ ಅತ್ತೆ. ಡಬ್ಬಿ ಮುಚ್ಚಳಾನೂ ಹಾಕಿಲ್ಲ," ಎಂದಳು ಸೊಸೆ. ಅವಳಿಗೆ ಅಂದು ಎಂಬತ್ತೊಂದು ಕರೆ ಬಂದಿದ್ದವು. ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು.

"ಒಂದೇ ಸಲ ಅಂದ್ನಲ್ಲ. ನಿಮ್ಮ ಪೆಟ್ಟಿಗೆ ತಲೆ ಕೆಡಿಸಿಟ್ಟಿದೆ ನನಗೆ. ಇವತ್ತು ಮೂರು ಸಲ ತಪ್ತು, ಬರೆದಿದೀನಿ ನೋಡು."

ಸೊಸೆ ತುತ್ತು ಬಿಟ್ಟು ಎದ್ದು ನೋಟುಬುಕ್ಕನ್ನು ಮೊಳೆಯಿಂದ ಕಿತ್ತು ತಂದು ತಟ್ಟೆಗಳ ನಡುವೆ ಇಟ್ಟಳು.

"ಹಳೇ ಪೆಟ್ಟಿಗೆಯ ಲಾಗ್ ನೋಡಿದೆ, ಸರಿಯಿದೆ. ಹೊಸ ಪೆಟ್ಟಿಗೆಯ ಲಾಗ್ ನೋಡಿದೆ, ಸರಿಯಿದೆ. ಲೈನು ಸರಿಯಿದೆ. ಭಾನುವಾರ ನಾವೆಲ್ಲ ಕೂತು ನೋಡಿದ್ವಿ, ಸರಿಯಿತ್ತು. ಇನ್ನೇನು ಮಾಡ್ಲಿ ಅತ್ತೆ? ಪೆಟ್ಟಿಗೆ ಸುಳ್ಳು ಹೇಳಲ್ಲ."

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಹಾಗಾದ್ರೆ ನಾನು ಹೇಳ್ತೀನಿ ಅಂತಾಯ್ತು."

"ಹಾಗಲ್ಲ..."

"ಹಾಗೇ. ಇಬ್ರಲ್ಲಿ ಒಬ್ರು ಹೇಳ್ಬೇಕಲ್ಲ. ಅದು ಹೇಳಲ್ಲ ಅಂದ್ಮೇಲೆ ನಾನೇ."

"ದೊಡ್ಡ ಟಿವಿ ಬೇಕಂದ್ರೆ ಬಾಯ್ಬಿಟ್ಟು ಹೇಳಮ್ಮ," ಎಂದ ಮಗ. "ಇಲ್ಲ, ಮನೆ ಕೆಲಸ ಆಗ್ತಿಲ್ಲ ಅಂದ್ರೆ ಅದನ್ನ ಹೇಳು. ಇವಳು ಕೆಲಸ ಬಿಟ್ಟು ಮನೇಲಿ ಕೂರ್ತಾಳೆ. ಒಂದು ಸಂಬಳದಲ್ಲಿ ನಾಲ್ಕು ಜನ ಗಂಜಿ ಕುಡಿಯೋಣ."

ಅತ್ತೆ ಹೆದರಿದ್ದು ಆ ಮಾತಿಗೇ. ಒಲೆಯ ಮುಂದಿನ ಜಾಗ ಹೋದರೆ ಆ ಮನೆಯಲ್ಲಿ ತಾನೊಂದು ಕುರ್ಚಿ ಮಾತ್ರ ಎಂದು ಅವಳಿಗೆ ಗೊತ್ತಿತ್ತು. ಹೆದರಿದ್ದು ಅವಳೊಬ್ಬಳೇ ಅಲ್ಲ. ಅತ್ತೆ ಮನೆಯಲ್ಲಿದ್ದಾಳೆ ಎಂಬ ಒಂದೇ ಧೈರ್ಯದ ಮೇಲೆ ಸೊಸೆ ಮೇಷ್ಟ್ರನ್ನು ಕಾಡಿ ಬೇಡಿ ಹಗಲಿನ ಪಾಳಿ ಖಾಯಂ ಮಾಡಿಸಿಕೊಂಡಿದ್ದಳು. ತಪ್ಪು ಪೆಟ್ಟಿಗೆಯದಾದರೆ ಬದಲಾಯಿಸಬಹುದು. ಪೆಟ್ಟಿಗೆಯದಲ್ಲದಿದ್ದರೆ ಅದು ಮುದುಕಿಯ ಹಟ ಅನ್ನುವುದು ಎಲ್ಲರಿಗೂ ಅನುಕೂಲವಾಗಿತ್ತು.

"ಕೆಲಸ ಆಗುತ್ತೆ ನನಗೆ," ಎಂದಳು ಅತ್ತೆ. "ಪೆಟ್ಟಿಗೆ ಸರಿಯಿದೆ. ಬಿಡಿ."

ಸೊಸೆ ಆ ಹಾಳೆಯ ಕೆಳಗೂ ಷರಾ ಬರೆದು ನೋಟುಬುಕ್ಕನ್ನು ಮೊಳೆಗೆ ಹಾಕಿದಳು. ಮರುದಿನದಿಂದ ಹಾಳೆ ಖಾಲಿ ಉಳಿಯಿತು. ದೂರು ನಿಂತಿತು. ಮನೆ ತಣ್ಣಗಾಯಿತು. ಹಾಲು ಉಕ್ಕಿದರೂ ಅತ್ತೆಯೇ ಯಾರೂ ಬರುವ ಮೊದಲು ಕೆರೆದು ಒರೆಸಿಬಿಡುತ್ತಿದ್ದಳು. ಉಪ್ಪು ಹಾಕಿದ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಇಡುವ ಅಭ್ಯಾಸ ಮಾಡಿಕೊಂಡಳು.

"ಈಗ ಹಾರ್ತಿಲ್ಲವಾ ಅತ್ತೆ?" ಎಂದು ಒಂದು ಸಲ ಸೊಸೆ ಕೇಳಿದಳು.

"ದೋಷ ಕಂಡುಬಂದಿಲ್ಲ," ಎಂದಳು ಅತ್ತೆ, ಸೊಸೆಯ ಸಹಾಯವಾಣಿಯ ದನಿಯಲ್ಲೇ.

ನಾಲ್ಕು ವಾರ ಹಾಗೆ ಹೋಯಿತು.

ಆ ಗುರುವಾರ ಮೂರೂಕಾಲಿಗೆ ಸೊಸೆ ಕರೆಯೊಂದರಲ್ಲಿದ್ದಳು. ಆ ಕಡೆ ಒಬ್ಬ ಮುದುಕ. "ಪ್ಲಗ್ ಕಿತ್ರಾ ಸರ್? ಈಗ ನನ್ನ ಜೊತೆ ಮೂವತ್ತು ಎಣಿಸಿ." ಹನ್ನೊಂದಕ್ಕೆ ಬಂದಾಗ ಮೇಷ್ಟ್ರು ಅವಳ ಭುಜ ಮುಟ್ಟಿದ. ಸ್ವಂತ ಫೋನು ತರಲು ಬಿಡದ ಜಾಗ. ಅವನ ಮೇಜಿನ ಫೋನಿಗೆ ಕರೆ ಬಂದಿತ್ತು. ಕೆಳಮನೆಯ ದರ್ಜಿ.

"ಮಗೂನ ಆಸ್ಪತ್ರೆಗೆ ಕರ್ಕೊಂಡು ಬಂದಿದೀನಮ್ಮ. ಹಾಲು ಬಿದ್ದಿದೆ. ಕುದಿಯೋ ಹಾಲು."

ಆಸ್ಪತ್ರೆಯ ಸುಟ್ಟಗಾಯದ ಕೋಣೆಯಲ್ಲಿ ಪಿಟೀಲು ಕೊಯ್ಯುತ್ತಿರಲಿಲ್ಲ. ಅದೇ ಸೊಸೆಗೆ ಹೆದರಿಕೆಯಾಗಿದ್ದು. ಎಡಗೈ ಬೆರಳಿನಿಂದ ಮೊಣಕೈವರೆಗೆ ಬಿಳಿ ಪಟ್ಟಿ, ಎಡಗಾಲ ಪಾದಕ್ಕೂ ಪಟ್ಟಿ. ಸೂಜಿಮದ್ದಿಗೆ ಕಣ್ಣು ಅರ್ಧ ಮುಚ್ಚಿತ್ತು.

"ಅಜ್ಜಿ ಲೋಟಕ್ಕೆ ಹಾಲು ಹಾಕ್ತಿದ್ಲು," ಎಂದಳು. "ಲೋಟ ತುಂಬ್ತು. ಸಾಕು ಸಾಕು ಅಂದೆ. ನನ್ನನ್ನೇ ನೋಡ್ತಿದ್ಲು ಅಮ್ಮ. ನೋಡ್ತಾ ನೋಡ್ತಾ ಸುರೀತಾನೇ ಇದ್ಲು. ಲೋಟ ಬಿಟ್ಟೆ. ಗೋಡೆ ಕಡೆ ನಾನಿದ್ದೆ, ದಾರಿ ಇರ್ಲಿಲ್ಲ. ಪಾತ್ರೆ ಖಾಲಿ ಆಗೋವರೆಗೂ ಸುರಿದ್ಲು." ಮತ್ತೆ ಸೇರಿಸಿದಳು: "ಅವತ್ತಿನ ಥರಾನೇ. ಬಾಯಿ ಹೀಗೆ ಹೀಗೆ ಮಾಡ್ತಿತ್ತು. ಹೇಳಿದ್ರೆ ಅಪ್ಪ ಹೊಡೀತಾರೆ."

ಹೊರಗಿನ ಬೆಂಚಿನ ಮುಂದೆ ಮಗ ಕೂಗಾಡುತ್ತಿದ್ದ. ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ, ಕೈಯೆಲ್ಲ ಗ್ರೀಸು. "ಏನಮ್ಮಾ ಮಾಡ್ದೆ? ಕಣ್ಣು ಎಲ್ಲಿಟ್ಟಿದ್ದೆ? ಆ ಮಗು ಮೇಲೆ ಏನು ಸಿಟ್ಟಿತ್ತು ನಿನಗೆ?"

ಅತ್ತೆಯ ಬಟ್ಟೆಯ ಮೇಲೆ ಹಾಲಿನ ಕೆನೆ ಒಣಗಿ ಅಂಟಿಕೊಂಡಿತ್ತು. "ಲೋಟ ಹಿಡಿದಿದ್ಲು," ಎಂದಳು. "ಆಮೇಲೆ ಲೋಟ ನೆಲದ ಮೇಲಿತ್ತು. ಮಗು ಕೂಗ್ತಿತ್ತು. ನಡುವಿನದು ನನ್ನ ಹತ್ರ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಆ ಮಾತು ಕೇಳಿಸಿತು. ಆ ಭಾನುವಾರ ತುಟಿ ಆಡಿಸಿ ತೋರಿಸಿದ ಪಿಟೀಲು, ಹಾರಿದ ಗಡಿಯಾರ, ಎರಡು ಸಲದ ಉಪ್ಪು, ಎಲ್ಲ ಒಂದೇ ಸಾಲಿನಲ್ಲಿ ಬಂದು ನಿಂತವು. ಅವಳು ಅತ್ತೆಯ ಪಕ್ಕ ಕೂತಳು.

"ಅತ್ತೆ, ಗಡಿಯಾರ ನೋಡಿದ್ರಾ?"

ಮಗ ಕೂಗುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ತಿರುಗಿದ, ಇವಳಿಗೂ ತಲೆ ಕೆಟ್ಟಿತೇ ಎಂಬ ಹಾಗೆ.

"ನೋಡಿದೆ," ಎಂದಳು ಅತ್ತೆ. "ಹನ್ನೆರಡು ಗಜ."

ನಲವತ್ತು ಸೆಕೆಂಡು.

ಮಗುವಿನ ಬಟ್ಟೆ ತರಲು ಸೊಸೆ ಮನೆಗೆ ಬಂದಾಗ ಅಡುಗೆಮನೆಯ ನೆಲ ಅಂಟಂಟಾಗಿತ್ತು. ಒರೆಸಿದಳು. ಕಿಟಕಿ ತೆಗೆಯಲು ಬೆತ್ತದ ಕುರ್ಚಿಯ ಹತ್ತಿರ ಹೋಗಿ ಪರದೆ ಸರಿಸಿದಾಗ ಕೈಗೆ ಏನೋ ತೊಡರಿತು. ಪರದೆಯ ಅಂಚಿನುದ್ದಕ್ಕೂ, ಕುರ್ಚಿಯಲ್ಲಿ ಕೂತರೆ ಕೈಗೆ ಸಿಗುವ ಎತ್ತರದಲ್ಲಿ, ಬೆರಳುದ್ದದ ಕೆಂಪು ದಾರಗಳು. ಒಂದೊಂದಕ್ಕೂ ಎರಡು ಗಂಟು, ಮಿಲ್ಲಿನ ಗಂಟು. ನೋಟುಬುಕ್ಕು ಖಾಲಿ ಉಳಿದಿದ್ದ ನಾಲ್ಕು ವಾರದ ಲೆಕ್ಕ ಅಲ್ಲಿತ್ತು. ಎಣಿಸಿದಳು. ಅರವತ್ತೆಂಟು.

ತಲೆಯ ಡಾಕ್ಟರನ್ನು ಕಾಣಲು ಎಂಟು ದಿನ ಬೇಕಾಯಿತು. ಸ್ಕ್ಯಾನಿನ ಚಿತ್ರವನ್ನು ಅವನು ಬೆಳಕಿನ ಹಲಗೆಗೆ ಸಿಕ್ಕಿಸಿದ. ಹಿಂದಿನಿಂದ ದೀಪ, ಮೇಲೆ ಹಾಳೆ, ಮಿಲ್ಲಿನ ಮೇಜಿನ ಹಾಗೆ. ಅತ್ತೆ ಎದ್ದು ಹತ್ತಿರ ಹೋಗಿ ನೋಡಿದಳು.

"ಇಲ್ಲಿದೆ ತಪ್ಪು," ಎಂದು ಎಡಗಡೆಯ ಬಿಳಿ ಮಚ್ಚೆಯ ಮೇಲೆ ತಾನೇ ಬೆರಳಿಟ್ಟಳು.

ಡಾಕ್ಟರು ಅವಳನ್ನು ಪಕ್ಕದ ಕೋಣೆಗೆ ರಕ್ತ ಕೊಡಲು ಕಳಿಸಿದ. ಆಮೇಲೆ ಮಗ ಸೊಸೆಯರ ಕಡೆ ತಿರುಗಿದ.

"ಗೆಡ್ಡೆ ಬೆಳೆದಿದೆ. ಅದರಿಂದ ಆಗಾಗ ಪ್ರಜ್ಞೆ ತುಂಡಾಗುತ್ತೆ. ಕಣ್ಣು ತೆರೆದಿರುತ್ತೆ, ಕೈ ಮಾಡ್ತಿದ್ದ ಕೆಲಸ ಮಾಡ್ತಾನೇ ಇರುತ್ತೆ, ಆದ್ರೆ ಅವರು ಇರಲ್ಲ. ಇದು ಯಾವಾಗಿಂದ ಶುರುವಾಯ್ತು? ದಿನಕ್ಕೆ ಎಷ್ಟು ಸಲ? ಎಷ್ಟು ಹೊತ್ತು? ಅಂದಾಜು ಹೇಳಿ ಸಾಕು. ಮನೆಯವರಿಗೆ ಸಾಮಾನ್ಯವಾಗಿ ಗೊತ್ತಿರಲ್ಲ."

ಸೊಸೆ ಚೀಲದಿಂದ ನೋಟುಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. "ಒಂದು ಗಜ ಅಂದ್ರೆ ಮೂರು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ," ಎಂದಳು.

ಡಾಕ್ಟರು ಹಾಳೆ ತಿರುವಿದ. ಮೂರು ಗಜ. ನಾಲ್ಕೂವರೆ. ಆರು. ಒಂದು ದಿನಕ್ಕೆ ಒಂದು, ಎರಡು, ಮೂರು. ಇಪ್ಪತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಬರೆದಿಟ್ಟವರನ್ನು ನಾನು ನೋಡಿಲ್ಲ ಎಂದ. ಆಮೇಲೆ ಅವನ ಬೆರಳು ಹಾಳೆಯ ಕೆಳಗೆ ನಿಂತಿತು. ಮುಂದಿನ ಹಾಳೆಯ ಕೆಳಗೂ ನಿಂತಿತು.

"ಇದು ಯಾವ ಡಾಕ್ಟರ ಷರಾ?"

"ಡಾಕ್ಟರದ್ದಲ್ಲ," ಎಂದಳು ಸೊಸೆ. "ನನ್ನದು."

ಮಗ ನೆಲ ನೋಡುತ್ತಿದ್ದ. "ಮೊದಲೇ ಬಂದಿದ್ರೆ ಏನಾದ್ರೂ..."

"ಆ ಪ್ರಶ್ನೆಗೆ ನಾನು ಯಾರಿಗೂ ಉತ್ತರ ಕೊಡಲ್ಲ," ಎಂದ ಡಾಕ್ಟರು, ನೋಟುಬುಕ್ಕು ಮುಚ್ಚುತ್ತಾ. ಗೆಡ್ಡೆ ಮಾತಿನ ನರಗಳನ್ನು ಸುತ್ತಿಕೊಂಡಿದೆ, ಕತ್ತರಿ ಹಾಕುವ ಹಂತ ದಾಟಿದೆ ಎಂದ. ಗುಳಿಗೆ ಬರೆದ. ಗುಳಿಗೆಯಿಂದ ತುಂಡುಗಳು ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. ಒಲೆಯ ಹತ್ತಿರ ಬಿಡಬೇಡಿ. ಒಬ್ಬರೇ ಇರಲು ಬಿಡಬೇಡಿ.

ಸೊಸೆ ಕೆಲಸ ಬಿಟ್ಟಳು. ಮೇಷ್ಟ್ರು, "ಮನೆ ಕಷ್ಟ ಎಲ್ಲರಿಗೂ ಇರುತ್ತಮ್ಮ," ಎಂದು ಹೆಡ್‌ಫೋನು ವಾಪಸು ತೆಗೆದುಕೊಂಡ. ಮಗ ಭಾನುವಾರವೂ ದುಡಿಯತೊಡಗಿದ. ಮನೆಯಲ್ಲಿದ್ದಾಗ ಅಮ್ಮನ ಮುಖ ನೋಡುವುದನ್ನು ತಪ್ಪಿಸಿ ರೌಟರಿನ ದೀಪಗಳನ್ನು ನೋಡುತ್ತ ಕೂರುತ್ತಿದ್ದ. ಮೊಟ್ಟೆ ವಾರಕ್ಕೊಂದು ದಿನವಾಯಿತು, ಅದೂ ಪಿಟೀಲಿಗೆ ಮಾತ್ರ. ಅವಳ ಪಟ್ಟಿ ಬಿಚ್ಚಿದಾಗ ಎರಡು ಬೆರಳು ಅಂಟಿಕೊಂಡಂತೆ ಬಾಗಿದ್ದವು. ಅಜ್ಜಿ ಅವನ್ನು ದಿನಾ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಪಿಟೀಲು ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು, ಆದರೆ ಅಜ್ಜಿಯ ಕಣ್ಣಿನ ಮೇಲಿನ ನೋಟ ತೆಗೆಯುತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿ ಬಿಸಿಯಾದದ್ದು ಏನಿದ್ದರೂ ಅವಳು ಆ ಕೋಣೆಗೆ ಬರುತ್ತಿರಲಿಲ್ಲ.

ಎರಡು ಗಂಟೆಗೆ ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದಳು. ಸೊಸೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಟಿವಿಗೆ ಬೆನ್ನು ಹಾಕಿ, ಅತ್ತೆಯ ಮುಖದ ಕಡೆ ತಿರುಗಿ ಕೂರುತ್ತಿದ್ದಳು. ಗೋಡೆಯ ಗಡಿಯಾರವನ್ನು ಅವಳು ತೆಗೆದಿಟ್ಟಿದ್ದಳು. ಅತ್ತೆಯ ಕಣ್ಣು ನಿಂತು ತುಟಿ ಚಪ್ಪರಿಸಲು ಶುರುವಾದ ಕೂಡಲೇ ರಿಮೋಟಿನ ಗುಂಡಿ ಒತ್ತಿ ಚಿತ್ರ ನಿಲ್ಲಿಸುತ್ತಿದ್ದಳು. ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಹತ್ತು, ಇಪ್ಪತ್ತು. ಅತ್ತೆಯ ಕಣ್ಣಿಗೆ ಅತ್ತೆ ವಾಪಸು ಬಂದ ಕ್ಷಣ ಮತ್ತೆ ಒತ್ತುತ್ತಿದ್ದಳು. ಈಗ ಲಾಗ್ ತೆಗೆದು ನೋಡಿದವರಿಗೆ ನಿಲುಗಡೆಗಳು ಸಾಲಾಗಿ ಕಾಣುತ್ತಿದ್ದವು. ಕಂತು ತಡವಾಗಿ ಮುಗಿಯುತ್ತಿತ್ತು.

"ಇವತ್ತು ಒಂದೂ ಎಳೆ ತಪ್ಪಲಿಲ್ಲ ನೋಡು," ಎನ್ನುತ್ತಿದ್ದಳು ಅತ್ತೆ. "ಕೊನೆಗೂ ರಿಪೇರಿ ಮಾಡ್ದೆ."

"ಹೂಂ ಅತ್ತೆ."

ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ಆಮೇಲೊಂದು ಮಧ್ಯಾಹ್ನ, ಸೊಸೆ ಆರಿಸಿ ಕೊಟ್ಟ ಟೀಯಲ್ಲಿ ಅತ್ತೆ ಬಿಸ್ಕತ್ತು ಅದ್ದಿದಳು. ಟಿವಿಯಲ್ಲಿ ಒಬ್ಬಳು ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದಳು. ಅತ್ತೆಯ ಕಣ್ಣು ನಿಂತಿತು. ಸೊಸೆ ಗುಂಡಿ ಒತ್ತಿದಳು. ಎಣಿಸಿದಳು. ಮೂವತ್ತಕ್ಕೆ ಅತ್ತೆ ವಾಪಸು ಬಂದಳು, ಸೊಸೆ ಗುಂಡಿ ಒತ್ತಿದಳು, ಚಿಲಕ ಸರಿಯಿತು.

ಅತ್ತೆ ಟಿವಿ ನೋಡಲಿಲ್ಲ. ಬೆರಳ ನಡುವೆ ಉಳಿದಿದ್ದ ಬಿಸ್ಕತ್ತಿನ ತುಂಡನ್ನು ನೋಡಿದಳು. ಉಳಿದದ್ದು ಕರಗಿ ಲೋಟದ ತಳಕ್ಕೆ ಹೋಗಿತ್ತು.

"ನಿಲ್ಲಿಸು ಅದನ್ನ," ಎಂದಳು.

ಸೊಸೆ ನಿಲ್ಲಿಸಿದಳು.

"ಮಿಲ್ಲಿನಲ್ಲಿ ರಫೂ ಮಾಡೋರಿದ್ರು. ತಪ್ಪಿದ ಎಳೆ ಕೂರ್ಸಿ, ಮೇಲಿಂದ ನೋಡಿದ್ರೆ ಗೊತ್ತೇ ಆಗ್ಬಾರದು ಹಾಗೆ ಮಾಡ್ತಿದ್ರು. ನಾನು ಬಟ್ಟೆ ತಿರುಗಿಸಿ ನೋಡ್ತಿದ್ದೆ." ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಎಷ್ಟು ದಿನದಿಂದ ಮಾಡ್ತಿದೀಯ?"

"ಹನ್ನೆರಡು ದಿನ."

"ಚೆನ್ನಾಗಿ ಮಾಡಿದೀಯ." ಬೆರಳಿಗೆ ಅಂಟಿದ್ದ ಬಿಸ್ಕತ್ತು ಒರೆಸಿಕೊಂಡಳು. "ಈಗ ಎಷ್ಟು ಹೋಯ್ತು?"

ಸೊಸೆ ರಿಮೋಟು ಕೆಳಗಿಟ್ಟಳು. "ಒಂಬತ್ತು ಗಜ," ಎಂದಳು.

"ಬರಿ ಹಾಗಾದ್ರೆ. ನನ್ನ ಕೈ ನಡುಗುತ್ತೆ."

ಸೊಸೆ ಮೊಳೆಯಿಂದ ನೋಟುಬುಕ್ಕು ತಂದಳು. ಫೋನಿನಲ್ಲಿ ಗಂಟೆ ನೋಡಿ ಖಾಲಿ ಹಾಳೆಯಲ್ಲಿ ಬರೆದಳು: '2.13, ಎಳೆ ತಪ್ಪು, ಒಂಬತ್ತು ಗಜ.' ಅತ್ತೆ ಕತ್ತು ಚಾಚಿ ಓದಿದಳು.

"ಕೆಳಗೆ?"

ಸೊಸೆ ಹಿಂದಿನ ಹಾಳೆ ತಿರುವಿ ತನ್ನ ಹಳೆಯ ಷರಾ ನೋಡಿದಳು. ಆಮೇಲೆ ಬರೆದಳು: 'ಕಂಡೆ.' ಸಹಿ ಹಾಕಿದಳು, ತಾರೀಕು ಹಾಕಿದಳು.

ಅತ್ತೆ ಅದನ್ನೂ ಓದಿ, ಕುರ್ಚಿಗೆ ಒರಗಿ, ಟಿವಿಯ ಕಡೆ ತಿರುಗಿದಳು.

"ಹಾಕು ಈಗ. ಅವಳು ಬಾಗಿಲು ತೆಗೀತಿದ್ಲು."